ಗಾದಿಯ ಮೇಲಿನ ನಾಡಿ

ಗುಳೇದಗುಡ್ಡದ ರವಿಕೆ ಖಣದ ವ್ಯಾಪಾರಿ ರಾಚಪ್ಪ ಉಂಕಿ ತೀರಿಕೊಂಡ ಮೇಲೂ ಅವನ ನಾಡಿ ಐವತ್ತಾರು ದಿನ ಬಡಿಯುತ್ತಲೇ ಇತ್ತು. ಇದನ್ನು ಕೇಳಿ ಪೇಟೆಯವರು ಒಬ್ಬೊಬ್ಬರು ಒಂದೊಂದು ಮಾತಾಡಿದರು. ಕೆಲವರು ಯಂತ್ರ ಕೆಟ್ಟಿದೆ ಎಂದರು. ಕೆಲವರು ಆಸೆ ಇಟ್ಟುಕೊಂಡು ಹೋದ ಜೀವ ಅದು ಎಂದು ದನಿ ತಗ್ಗಿಸಿದರು. ಅವನ ಹೆಂಡತಿ ನೀಲಗಂಗವ್ವ ಮಾತ್ರ ಯಾರಿಗೂ ಎದುರಾಡಲಿಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯ ಗಾದಿಯ ಮೇಲೆ ಕೂತು, ಫೋನಿನಲ್ಲಿ ತಮ್ಮದೇ ಅಂಗಡಿಯ ಜಾಲತಾಣ ತೆರೆದು, ಮೂಲೆಯಲ್ಲಿದ್ದ ಬೀಗದ ಚಿತ್ರದ ಮೇಲೆ ಹೆಬ್ಬೆರಳು ಇಡುತ್ತಿದ್ದಳು. ಬೆರಳ ಕೆಳಗೆ ಫೋನು ಮೆಲ್ಲಗೆ ಮಿಡಿಯುತ್ತಿತ್ತು. ಹಾಗೆ ಒಂದು ತಾಸು ಕೂತರೂ ಅವಳಿಗೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ.

ಈ ಬೀಗದ ಕತೆ ಗೊತ್ತಿಲ್ಲದವರಿಗೆ ನಾಲ್ಕು ಮಾತು ಹೇಳಲೇಬೇಕು. ಒಂದು ಕಾಲಕ್ಕೆ ಜಾಲತಾಣದ ಹೆಸರಿನ ಪಕ್ಕ ಪುಟ್ಟದೊಂದು ಬೀಗ ಕಂಡರೆ ಸಾಕು, ಜನ ಕಣ್ಣುಮುಚ್ಚಿ ದುಡ್ಡು ಕಟ್ಟುತ್ತಿದ್ದರು. ಪಾಪ, ಆ ಬೀಗ ಹೇಳುತ್ತಿದ್ದದ್ದು ಇಷ್ಟೇ: ನೀವು ಕಳಿಸುವುದನ್ನು ದಾರಿಯಲ್ಲಿ ಬೇರೆ ಯಾರೂ ಓದಲಾರರು. ಆ ತುದಿಯಲ್ಲಿ ಕೂತವನು ಸಾಚಾನೋ ಕಳ್ಳನೋ ಎಂದು ಅದು ಯಾವತ್ತೂ ಹೇಳಿರಲಿಲ್ಲ. ಆಮೇಲೆ ಯಂತ್ರಗಳೇ ಅಂಗಡಿ ತೆರೆಯತೊಡಗಿದವು. ಬೆಳಗಾಗುವುದರೊಳಗೆ ಸಾವಿರ ಅಂಗಡಿ. ಎಲ್ಲದಕ್ಕೂ ಬೀಗ, ಎಲ್ಲದಕ್ಕೂ ನಗುನಗುತ್ತ ಮಾತಾಡುವ ಮಾಲೀಕ, ಅವನಿಗೆ ಮುಖ, ದನಿ, ಕಾಗದಪತ್ರ. ಮಾಲು ಒಂದು ಮಾತ್ರ ಇಲ್ಲ. ಕೈ ಸುಟ್ಟುಕೊಂಡ ಜನ ಆನ್‌ಲೈನ್ ವ್ಯಾಪಾರದ ಸಹವಾಸವೇ ಬೇಡ ಎಂದರು.

ಆಗ ಬಂದದ್ದು ನಾಡಿಬೀಗ. ಮನುಷ್ಯನ ಗುಂಡಿಗೆಯ ಎರಡು ಬಡಿತಗಳ ನಡುವಿನ ಬಿಡುವು ಒಂದರಂತೆ ಇನ್ನೊಂದು ಇರುವುದಿಲ್ಲ. ಕೂದಲೆಳೆಯಷ್ಟು ಹೆಚ್ಚು, ಕೂದಲೆಳೆಯಷ್ಟು ಕಡಿಮೆ. ಮುಂದಿನ ಬಿಡುವು ಎಷ್ಟೆಂದು ಯಾವ ಯಂತ್ರಕ್ಕೂ ಮೊದಲೇ ಹೇಳಲು ಬಾರದು. ಆದರೂ ನಲವತ್ತು ದಿನ ಕೇಳಿದರೆ, ಹೆಜ್ಜೆ ಸಪ್ಪಳದಿಂದ ಮನೆಯವರನ್ನು ಗುರುತಿಸಿದ ಹಾಗೆ, ಇದು ಇಂಥವರ ಗುಂಡಿಗೆ ಎಂದು ಗುರುತು ಹಿಡಿಯಬಹುದು. ವ್ಯಾಪಾರಿ ಕೈಗೊಂದು ಕಡಗ ಹಾಕಿಕೊಳ್ಳುತ್ತಾನೆ. ಅವನ ಬಡಿತದ ಬಿಡುವುಗಳಿಂದಲೇ ಬೀಗದ ಕೀಲಿ ಗಳಿಗೆಗೊಮ್ಮೆ ಹೊಸದಾಗಿ ತಯಾರಾಗುತ್ತದೆ. ಗಿರಾಕಿ ಬೀಗದ ಮೇಲೆ ಬೆರಳಿಟ್ಟರೆ ಆ ವ್ಯಾಪಾರಿಯ ನಾಡಿಯೇ ಅವನ ಬೆರಳಿಗೆ ಸಿಗುತ್ತದೆ. ಬೇರೆಯವರ ಕೈಗೆ ಕಡಗ ಹೋದರೆ ಬೀಗ ಮುಚ್ಚಿಕೊಳ್ಳುತ್ತದೆ.

ಎರಡೂವರೆ ವರ್ಷದ ಹಿಂದೆ, ಊಟದ ಹೊತ್ತಿಗೆ, ಮಗಳು ಚಂದ್ರಕಲಾ ಈ ವಿಷಯ ತೆಗೆದಿದ್ದಳು. ಅಂಗಡಿಯ ಜಾಲತಾಣ ನೋಡಿಕೊಳ್ಳುವವಳು ಅವಳೇ.

"ಅಪ್ಪಾ, ಪ್ರಮಾಣಪತ್ರ ಮೂರು ನಮೂನಿ ಅದಾವ. ವಿಳಾಸಪತ್ರ ಅಂದ್ರ ಬರೇ ಈ ಹೆಸರು ನಮ್ಮದು ಅಂತ. ಒಂದು ತಾಸಿನಾಗ ಸಿಗತೈತಿ, ಯಾರೂ ನಂಬಂಗಿಲ್ಲ. ಸಂಸ್ಥೆಪತ್ರ ಅಂದ್ರ ಅಂಗಡಿ ಕಾಗದಪತ್ರ ಎಲ್ಲಾ ಪರೀಕ್ಷಾ ಮಾಡಿ ಕೊಡ್ತಾರ. ಮೂರನೇದು ಜೀವಪತ್ರ. ನಾಡಿಬೀಗ."

"ನಡೂಕಿನದು ಸಾಕಲ್ಲ?" ಎಂದಳು ನೀಲಗಂಗವ್ವ.

"ಏ, ಹುಚ್ಚಿ," ಎಂದ ರಾಚಪ್ಪ, ರೊಟ್ಟಿ ಮುರಿಯುತ್ತ. "ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತಾರ. ಶ್ರಾವಣದಾಗ ಉಡಿ ತುಂಬಾಕ ಪುಣೆದಾಕಿ ಖಣ ಆರಸ್ತಾಳ. ಸೂಜಿಮಲ್ಲಿಗಿ ಖಣ ಖರೇ ಕೈಮಗ್ಗದ್ದೋ ಅಲ್ಲೋ ಆಕಿಗೇನ ಗೊತ್ತು? ನನ್ನ ಕೈ ಹಿಡದು ನೋಡಿದ್ರ ಗೊತ್ತಾಕ್ಕೈತಿ. ಜೀವಪತ್ರನ ಮಾಡ್ಸು."

"ನಲವತ್ತು ದಿನ ಕಡಗ ತಗೀಬಾರದಪ್ಪಾ, ನೆನಪಿಟ್ಕೋ."

"ಗಾದಿ ಮ್ಯಾಲ ಕುಂತಾವ್ರು ಹಾಕ್ಕೋತೀವಿ, ಆತಲ್ಲ," ಎಂದ ಅವನು. ಯಾರಿಗೂ ಆ ಮಾತಿನಲ್ಲಿ ತಪ್ಪು ಕಾಣಲಿಲ್ಲ.

ಕಾಣುವುದಾದರೂ ಹೇಗೆ? ಅದು ಆ ಪೇಟೆಯ ನೇಮ. ಖಣದ ಅಂಗಡಿಯ ಗಾದಿ ಬರಿದಾಗಬಾರದು. ಮಾಲೀಕ ಊಟಕ್ಕೆ ಎದ್ದರೆ ಹೆಂಡತಿ ಕೂಡಬೇಕು, ಅವಳು ಎದ್ದರೆ ತಮ್ಮ, ಅವನೂ ಇಲ್ಲದಿದ್ದರೆ ಅತ್ತೆ. ಹಿಂದಿನ ಕಾಲದಲ್ಲಿ ಚೀಟಿಗೆ ಒತ್ತುವ ಮುದ್ರೆಯುಂಗುರವೊಂದು ಇರುತ್ತಿತ್ತು. ಗಾದಿಯ ಮೇಲೆ ಯಾರು ಕೂತರೆ ಅವರ ಬೆರಳಿಗೆ ಆ ಉಂಗುರ. ನೀಲಗಂಗವ್ವ ಮದುವೆಯಾಗಿ ಬಂದ ಎಂಟನೆಯ ದಿನವೇ ಅತ್ತೆ ಅವಳನ್ನು ಕರೆದು ಗಾದಿಯ ಮೇಲೆ ಕೂಡಿಸಿ, ದೊಡ್ಡದಾಗಿದ್ದ ಉಂಗುರಕ್ಕೆ ನೂಲು ಸುತ್ತಿ ತೊಡಿಸಿದ್ದಳು. "ಇದು ಗಂಡಂದೂ ಅಲ್ಲ, ನಿಂದೂ ಅಲ್ಲ. ಗಾದೀದು," ಎಂದಿದ್ದಳು. ಉಂಗುರ ಹೋಗಿ ಕಡಗ ಬಂದರೆ ನೇಮ ಬದಲಾಗುತ್ತದೆಯೇ?

ಈ ಪತ್ರಗಳನ್ನು ಕೊಡುವ ಪ್ರಮಾಣ ಕಚೇರಿಯವನು ಒಳ್ಳೆಯ ಮುಹೂರ್ತ ನೋಡಿಯೇ ಬಂದು, ಗಾದಿಯ ಮೇಲೆ ಕೂತಿದ್ದ ರಾಚಪ್ಪನ ಕೈಗೆ ಕಡಗ ಕಟ್ಟಿ, ಚಹಾ ಕುಡಿದು ಹೋದ. ಅವನು ಓಣಿ ದಾಟುವುದರೊಳಗೆ ಬಣ್ಣದ ಮನೆಯಿಂದ ಫೋನ್ ಬಂತು. ನೂಲು ಅದ್ದಿದ್ದು ಸರಿಯಾಗಿಲ್ಲ, ಬಂದು ನೋಡಿ ಎಂದು. ರಾಚಪ್ಪ ಎದ್ದ. ನೀಲಗಂಗವ್ವ ಅವನ ಕೈಯಿಂದ ಕಡಗ ಬಿಚ್ಚಿ ತನ್ನ ಕೈಗೆ ಹಾಕಿಕೊಂಡು ಗಾದಿಯ ಮೇಲೆ ಕೂತಳು. ಅಲ್ಲಿಂದಾಚೆ ಅವನು ಮಗ್ಗ, ನೂಲು, ಬಣ್ಣ ಎಂದು ತಿರುಗುವವನು, ಅವಳು ಕೂಡುವವಳು. ಮಧ್ಯಾಹ್ನ ಮನೆಗೆ ಬಂದು ಉಂಡರೆ ಅವನಿಗೊಂದು ನಿದ್ದೆ ಬೇಕೇ ಬೇಕು. ಆಗಲೂ ಗಾದಿಗೆ ಅವಳೇ.

ಅವನು ಸತ್ತದ್ದು ಅಂಥದೇ ಒಂದು ನಿದ್ದೆಯಲ್ಲಿ. ಒಳಗಿನ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದವನಿಗೆ ಅವಳು ನಾಲ್ಕು ಗಂಟೆಗೆ ಚಹಾ ತೆಗೆದುಕೊಂಡು ಹೋದಾಗ ಮೈ ತಣ್ಣಗಾಗಿತ್ತು. ಹೃದಯ ನಿಂತು ಎರಡು ತಾಸಾಗಿದೆ ಎಂದರು ಡಾಕ್ಟರು. ಆ ಎರಡು ತಾಸಿನಲ್ಲಿ ಏಳು ಮಂದಿ ಗಿರಾಕಿಗಳು ರಾಚಪ್ಪ ಉಂಕಿಯ ನಾಡಿ ಮುಟ್ಟಿ ನೋಡಿ ಖಣ ಕೊಂಡಿದ್ದರು. ಚಂದ್ರಕಲಾ ಆ ಪಟ್ಟಿ ನೋಡಿ ಬಾಯಿಗೆ ಸೆರಗು ಇಟ್ಟುಕೊಂಡಳು.

ದಿನಕರ್ಮದಂದು ಓಣಿಯ ಹಿರಿಯ ಹೆಂಗಸರು ನೀಲಗಂಗವ್ವನ ಬಳೆ ತೆಗೆದರು. ಒಬ್ಬಳು ಕಡಗಕ್ಕೂ ಕೈ ಹಾಕಿದಾಗ ಅವಳು ಕೈ ಎಳೆದುಕೊಂಡಳು. "ಅದು ಅಂಗಡೀದು," ಎಂದಳು. ಹನ್ನೆರಡನೆಯ ದಿನ ಗಾದಿಯ ಮೇಲೆ ಹೋಗಿ ಕೂತಳು. ಬೀಗ ತೆರೆದೇ ಇತ್ತು. ಬೆರಳಿಟ್ಟಳು, ಬಡಿಯುತ್ತಿತ್ತು.

"ಯವ್ವಾ, ಅದು ನಿಂದ ಇರಬೇಕು," ಎಂದಳು ಚಂದ್ರಕಲಾ ಅಂಜುತ್ತ.

"ನಂದಾಗಿದ್ರ ಬೀಗ ಮುಚ್ಚಬೇಕಾಗಿತ್ತಲ್ಲ? ಬ್ಯಾರೇದವರ ಕೈಗೆ ಹಾಕಿದ್ರ ಮುಚ್ಚತೈತಿ ಅಂತ ನೀನ ಹೇಳೀದಿ. ಎರಡೂವರಿ ವರ್ಷ ನಾ ಹಾಕ್ಕೊಂಡಾಗೂ ಮುಚ್ಚಲಿಲ್ಲ, ಈಗೂ ಮುಚ್ಚವಲ್ದು. ಮೂವತ್ತೊಂದು ವರ್ಷ ಸಂಸಾರ ಮಾಡೀವಿ. ಅವರ ಬಡಿತ ಇದರಾಗ ಕುಂತೈತಿ. ನನ್ನ ಕೈಯಿಂದ ಬರೇ ಬಿಸಿ ಬೇಕಾಗೈತಿ ಅದಕ್ಕ."

ತರ್ಕಕ್ಕೇನೂ ಕೊರತೆ ಇರಲಿಲ್ಲ, ನೋಡಿ. ದುಃಖದಲ್ಲಿರುವವರು ಬುದ್ಧಿ ಕಳಕೊಳ್ಳುತ್ತಾರೆ ಎನ್ನುವುದು ಸುಳ್ಳು. ಇರುವ ಬುದ್ಧಿಯನ್ನೆಲ್ಲ ಒಂದೇ ಕಡೆ ಹೂಡುತ್ತಾರೆ, ಅಷ್ಟೆ.  ಮಗಳು ಮಾತ್ರ ಅಂದಿನಿಂದ ಆ ಬೀಗದ ಮೇಲೆ ತಪ್ಪಿಯೂ ಬೆರಳು ಇಡಲಿಲ್ಲ.

ಶ್ರಾವಣಕ್ಕೆ ಹತ್ತು ದಿನ ಇರುವಾಗ ಹುಬ್ಬಳ್ಳಿಯ ಪ್ರಮಾಣ ಕಚೇರಿಯಿಂದ ನೋಟೀಸು ಬಂತು. ರಾಚಪ್ಪ ಉಂಕಿ ಎಂಬುವರ ಮರಣ ನೋಂದಣಿಯಾಗಿದೆ. ಅವರ ಜೀವಪತ್ರ ಇನ್ನೂ ನಡೆಯುತ್ತಿದೆ. ಹತ್ತು ದಿನದೊಳಗೆ ಕಡಗದೊಂದಿಗೆ ಹಾಜರಾಗಬೇಕು. ತಪ್ಪಿದರೆ ಪತ್ರ ರದ್ದು. ಚಂದ್ರಕಲಾ ಓದಿ ಹೇಳಿ, ಮೆಲ್ಲಗೆ ಸೇರಿಸಿದಳು: "ನಿನ್ನ ಹೆಸರಲೇ ಹೊಸದು ಮಾಡಸೂಣು ಅಂದ್ರ ಮತ್ತ ನಲವತ್ತು ದಿನ ಬೇಕು. ಶ್ರಾವಣ ಮುಗದ ಹೋಗತೈತಿ. ಸಂಸ್ಥೆಪತ್ರ ಮಾಡಿಸಿದ್ರ ಬೀಗ ಬಡಿಯಂಗಿಲ್ಲ, ಗಿರಾಕಿ ನಿಂದ್ರಂಗಿಲ್ಲ. ಮೂವತ್ತು ಮಗ್ಗ ನಮ್ಮ ಮ್ಯಾಲ ಅದಾವ."

"ಹಳೇದು ರದ್ದು ಮಾಡಿದ್ರ ಇದು ನಿಲ್ಲತೈತೇನ?"

"ಹೂಂ, ಯವ್ವಾ."

ನೀಲಗಂಗವ್ವನಿಗೆ ಶ್ರಾವಣವೂ ಕಾಣಲಿಲ್ಲ, ಮಗ್ಗವೂ ಕಾಣಲಿಲ್ಲ. ಒಮ್ಮೆ ಕಳಕೊಂಡವನನ್ನು ಇನ್ನೊಮ್ಮೆ ಕಳಕೊಳ್ಳಬೇಕಲ್ಲ ಎಂಬುದೊಂದೇ ಎದೆಯಲ್ಲಿ ಕೂತಿತು. ಈ ಸಲವಂತೂ ತಾನೇ ಸಹಿ ಹಾಕಿ ಕಳಿಸಬೇಕು. ಬೇಡಿಕೊಂಡಾದರೂ ನೋಡೋಣ ಎಂದು, ಕಡಗದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳೊಬ್ಬಳೇ ಹುಬ್ಬಳ್ಳಿ ಬಸ್ಸು ಹತ್ತಿದಳು. ಗಾದಿಗೆ ಮಗಳನ್ನು ಕೂಡಿಸಿದ್ದಳು.

ಕಚೇರಿಯ ಎರಡನೆಯ ಮಹಡಿಯಲ್ಲಿ ದೊಡ್ಡದೊಂದು ತಣ್ಣನೆಯ ಕೋಣೆ. ಗೋಡೆಯ ತುಂಬ ಹಸಿರು ಗೆರೆಗಳು, ಸಾವಿರಾರು. ಒಂದೊಂದು ಗೆರೆಯೂ ಎಲ್ಲೋ ಒಂದು ಅಂಗಡಿಯಲ್ಲಿ ಕೂತ ಒಬ್ಬ ಮನುಷ್ಯನ ಗುಂಡಿಗೆ. ಸದ್ದೇ ಇಲ್ಲ. ಅವಳು ನೋಡುತ್ತಿದ್ದಂತೆಯೇ ಮೇಲಿನ ಸಾಲಿನಲ್ಲಿ ಒಂದು ಗೆರೆ ನೆಟ್ಟಗಾಯಿತು, ಸಣ್ಣ ಗಂಟೆಯೊಂದು ಬಾರಿಸಿತು, ಮೂಲೆಯಲ್ಲಿದ್ದವನು ಎದ್ದು ಏನೋ ಬರೆದುಕೊಂಡ. ಸತ್ತವರೋ, ಕಡಗ ಬಿಚ್ಚಿದವರೋ, ಅವಳಿಗೆ ತಿಳಿಯಲಿಲ್ಲ. ಪರೀಕ್ಷಕಿ ರಜಿಯಾ ನದಾಫ್ ಅವಳ ಕೈ ಹಿಡಿದು ಕುರ್ಚಿಯ ಮೇಲೆ ಕೂಡಿಸಿದಳು. ನಲವತ್ತರ ಆಸುಪಾಸಿನ ಹೆಂಗಸು, ಮೆದು ಮಾತು.

"ಯಾವದ್ರಿ ನಮ್ಮವರದು?"

ರಜಿಯಾ ತೋರಿಸಿದಳು. ಕೆಳಗಿನ ಸಾಲಿನಲ್ಲಿ ರಾಚಪ್ಪ ಉಂಕಿ ಎಂಬ ಹೆಸರಿನ ಮುಂದೆ ಗೆರೆ ಓಡುತ್ತಿತ್ತು. ನೀಲಗಂಗವ್ವ ಎರಡೂ ಕೈ ಜೋಡಿಸಿದಳು.

"ಅಮ್ಮಾರ, ಕಡಗ ಬಿಚ್ಚಿ ಮೇಜಿನ ಮ್ಯಾಲ ಇಡ್ರಿ." ಇಟ್ಟಳು, ಗೆರೆ ನಿಂತಿತು. ರಜಿಯಾ ಅದನ್ನು ತನ್ನ ಕೈಗೆ ಹಾಕಿಕೊಂಡಳು. ಗೆರೆ ಕೆಂಪಾಗಿ ಮುಚ್ಚಿಕೊಂಡಿತು. "ನಿಮ್ಮ ಕೈಗೆ ಹಾಕ್ಕೊರಿ." ಗೆರೆ ಮತ್ತೆ ಹಸಿರಾಗಿ ಓಡಿತು.

"ನೋಡಿದ್ರೆಲ್ಲ? ನಿಮಗ ಮುಚ್ಚತೈತಿ, ನನಗ ಮುಚ್ಚಂಗಿಲ್ಲ. ಅವರು ಅದರಾಗ ಅದಾರ," ಎಂದಳು ನೀಲಗಂಗವ್ವ ಆಸೆಯಿಂದ.

"ಒಂದ ಸಲ ಆ ಮೆಟ್ಟಲಾ ಹತ್ತಿ ಇಳದು ಬರ್ರಿ."

ಬಂದಳು. ಗೆರೆ ಜೋರಾಗಿತ್ತು.

"ಅವರೂ ಮೆಟ್ಟಲಾ ಹತ್ತಿದ್ರ ಹಿಂಗ ಏದಸರಾ ಬಿಡ್ತಿದ್ರು," ಎಂದಳು.

 ರಜಿಯಾಳಿಗೆ ಹೇಳದೆ ವಿಧಿಯಿಲ್ಲ, ಹೇಳಲು ಮನಸ್ಸಿಲ್ಲ. ಕೊನೆಗೆ ಅವಳ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. "ಗ್ವಾಡಿ ಮ್ಯಾಲಿನ ಗೆರಿ ನೋಡ್ರಿ. ನೋಡಕೋತ, ಅವರು ತೀರಕೊಂಡ ದಿನ ನೆನಸ್ಕೊರಿ. ನಿಮಗ ಗೊತ್ತಾದ ಹೊತ್ತು. ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ."

ನೀಲಗಂಗವ್ವ ನೆನೆದಳು. ಬಾಗಿಲು ತಳ್ಳಿದ್ದು, ಏಳ್ರಿ ಎಂದದ್ದು, ಎರಡನೆಯ ಸಲ ಏಳ್ರಿ ಎಂದದ್ದು, ಬಗ್ಗಿ ಭುಜ ಮುಟ್ಟಿದ್ದು. ಗೋಡೆಯ ಮೇಲೆ ಗೆರೆ ಒಮ್ಮೆಲೇ ಎಗರಿ, ಅತ್ತಿತ್ತ ಹೊಯ್ದಾಡಿ, ಓಡತೊಡಗಿತು. ಅವಳ ಎದೆಯಲ್ಲಿ ಏನಾಗುತ್ತಿತ್ತೋ ಅದೇ ಅಲ್ಲಿ, ಸಾವಿರ ಗೆರೆಗಳ ನಡುವೆ, ಎಲ್ಲರಿಗೂ ಕಾಣುವಂತೆ ಆಗುತ್ತಿತ್ತು.

"ಸತ್ತವರಿಗೆ ತಮ್ಮ ಸಾವು ನೆನಪಾಗಂಗಿಲ್ಲ, ಅಮ್ಮಾರ," ಎಂದಳು ರಜಿಯಾ. "ಇದು ನಿಮ್ಮದು. ಮೊದಲಿಂದಾನೂ ನಿಮ್ಮದ. ಆ ನಲವತ್ತು ದಿನ ಕಡಗ ನಿಮ್ಮ ಕೈಯಾಗಿತ್ತು. ಯಂತ್ರ ನಿಮ್ಮನ್ನ ಕಲತೈತಿ, ಹೆಸರು ಅವರದು ಬರಕೊಂಡೈತಿ."

ನೀಲಗಂಗವ್ವ ಗೆರೆ ತಣ್ಣಗಾಗುವುದನ್ನೇ ನೋಡುತ್ತ ಕೂತಳು. ಐವತ್ತಾರು ದಿನ! ಗಾದಿಗೆ ಮರಳಿದಂದಿನಿಂದ ದಿನವೂ ಒಂದು ತಾಸು ತನ್ನ ನಾಡಿ ತಾನೇ ಹಿಡಿದುಕೊಂಡು, ಗಂಡ ಇದ್ದಾನೆ ಎಂದು ಕೂತಿದ್ದಳಲ್ಲ! "ಕಂಕಳಾಗ ಕೂಸ ಇಟಗೊಂಡು ಊರೆಲ್ಲಾ ಹುಡಿಕಿದ್ರಂತ," ಎಂದಳು. ನಗು ಬರಲಿಲ್ಲ. ಅಳುವೂ ಬರಲಿಲ್ಲ. ನಿಜಕ್ಕೂ ರಾಚಪ್ಪ ಸತ್ತದ್ದು ಅವಳಿಗೆ ಈಗ.

ಆಗಲೇ ಒಂದು ಹಳೆಯ ವಿಷಯ ನೆನಪಿಗೆ ಬಂತು. ಸೊಲ್ಲಾಪುರದ ವ್ಯಾಪಾರಿಗಳ ಸಭೆಗೆ ಹೋದಾಗ ರಾಚಪ್ಪ ಠೀವಿಯಿಂದ ಕಡಗ ಹಾಕಿಕೊಂಡು ಹೋಗಿದ್ದ. ಆವತ್ತು ದಿನವಿಡೀ ಬೀಗ ಮುಚ್ಚಿತ್ತು. ಕಡಗ ಸಡಿಲಾಗೈತಿ ಎಂದು ಬಂದವನೇ ಬಿಚ್ಚಿ ಅವಳ ಕೈಗೆ ಹಾಕಿದ್ದ. ಆವತ್ತಾದರೂ ಯಾರಿಗಾದರೂ ಹೊಳೆಯಬಾರದಿತ್ತೇ?

"ಅವರದು ಒಂದರ ಬಡಿತ ಇಲ್ಲೇನ್ರಿ? ಒಂದರ?"

ರಜಿಯಾ ತಿರುಗಿ ಯಂತ್ರದಲ್ಲಿ ಹುಡುಕಿದಳು. "ಐತಿ," ಎಂದಳು. "ಮೊದಲನೇ ದಿನ. ಹನ್ನೊಂದು ನಿಮಿಷ."

ಬಣ್ಣದ ಮನೆಯಿಂದ ಫೋನ್ ಬರುವವರೆಗಿನ ಹನ್ನೊಂದು ನಿಮಿಷ. ರಜಿಯಾ ಒಂದು ಚಪ್ಪಟೆ ತಟ್ಟೆಯನ್ನು ಅವಳ ಮುಂದಿಟ್ಟಳು. ನೀಲಗಂಗವ್ವ ಹೆಬ್ಬೆರಳು ಇಟ್ಟಳು. ಮೊದಲ ಬಡಿತಕ್ಕೇ ಇದು ಬೇರೆ ಎಂದು ಗೊತ್ತಾಯಿತು. ದಪ್ಪನೆಯ, ನಿಧಾನದ ಬಡಿತ. ಐದು, ಆರು. ಏಳನೆಯದು ಬರಲಿಲ್ಲ. ಅವಳು ಉಸಿರು ಹಿಡಿದಳು. ಬಿಟ್ಟುಹೋದದ್ದು ಹಾಗೇ ಬಿಟ್ಟುಹೋಯಿತು, ಎಂಟನೆಯದು ಗುದ್ದಿದ ಹಾಗೆ ಬಂತು. ಮತ್ತೆ ನಾಲ್ಕು ಸರಿಯಾಗಿ, ಮತ್ತೆ ಒಂದು ಖಾಲಿ. ಇದರ ಪಕ್ಕದಲ್ಲಿ ಅವಳು ಮೂವತ್ತೊಂದು ವರ್ಷ ಮಲಗಿದ್ದಳು. ಎದೆ ತಿಕ್ಕಿಕೊಳ್ಳುತ್ತ ಅವನು ಗ್ಯಾಸ್ ಆಗೇತಿ ಎಂದಾಗ ಅಜವಾನ ಹುರಿದು ಕೊಟ್ಟಿದ್ದಳು.

ಹನ್ನೊಂದನೆಯ ನಿಮಿಷದ ಕೊನೆಗೆ ಒಂದು ಬಡಿತ ಬಂತು, ಆಮೇಲೆ ಏನೂ ಇಲ್ಲ. ಕಡಗ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಷ್ಟು ಹೊತ್ತು. ಆಮೇಲೆ ಚುರುಕಾಗಿ, ಸಾಲು ತಪ್ಪದೆ, ಗಟ್ಟಿಮುಟ್ಟಾದ ಬೇರೊಂದು ಗುಂಡಿಗೆ ಶುರುವಾಯಿತು. ಅದು ಯಾರದೆಂದು ಈಗ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಬೆರಳು ತೆಗೆದಳು.

"ಇದು ರೋಗದ ಗುಂಡಿಗಿ ಅಲ್ಲೇನ್ರಿ?"

"ಹೌದ್ರಿ," ಎಂದಳು ರಜಿಯಾ.

"ನಿಮಗ ಗೊತ್ತಾಗಿತ್ತೇನ್ರಿ?"

"ಯಂತ್ರಕ್ಕ ಗೊತ್ತಾಗಿತ್ತು. ಹಂಗಿದ್ರ ಡಾಕ್ಟರಿಗೆ ತೋರಸ್ರಿ ಅಂತ ನಾವು ಪತ್ರ ಬರೀತೀವಿ. ಮುಧೋಳದ ಕಡೆ ಒಬ್ಬ ಬೆಲ್ಲದ ವ್ಯಾಪಾರಿ ಹಿಂಗ ಉಳಕೊಂಡ್ರು. ನಿಮ್ಮ ಯಜಮಾನರ ಪತ್ರಾನೂ ತಯಾರಾಗಿತ್ತು. ಒಂದು ದಿನ ಕಾದು ನೋಡಿ ಕಳಸೂದು ನೇಮ. ಹನ್ನೆರಡನೇ ನಿಮಿಷದಿಂದ ಬಡಿತ ಸರಿ ಆತು. ಕಡಗ ಸಡಿಲ ಇದ್ದಿರಬೇಕು ಅಂತ ಯಂತ್ರ ಆ ಪತ್ರ ತಾನ ತಗದ ಹಾಕೇತಿ."

ನೀಲಗಂಗವ್ವ ತನ್ನ ಕೈಯನ್ನೇ ನೋಡಿಕೊಂಡಳು. ಗಂಡನನ್ನು ಕೊಂದ ಕೈ ಎಂದು ಯಾರೂ ಅನ್ನಲಿಲ್ಲ, ಅನ್ನುವುದೂ ಇಲ್ಲ. ಆದರೆ ತನಗೆ ತಾನೇ ಅಂದುಕೊಂಡಳು. ಪ್ರೀತಿಯಿಂದ ಬಿಚ್ಚಿಕೊಂಡಿದ್ದಳು, ನೇಮದಿಂದ ಹಾಕಿಕೊಂಡಿದ್ದಳು. ಅವನ ರೋಗವನ್ನು ತನ್ನ ಆರೋಗ್ಯದ ಕೆಳಗೆ ಎರಡೂವರೆ ವರ್ಷ ಮುಚ್ಚಿಟ್ಟಿದ್ದಳು. ಆಗ ಅಳು ಬಂತು. ರಜಿಯಾ ಬಾಗಿಲು ಹಾಕಿ ಬಂದು ಪಕ್ಕದಲ್ಲಿ ನಿಂತಳು.

ಅಳು ನಿಂತ ಮೇಲೆ ಕಾಗದ ಮುಂದಕ್ಕೆ ಬಂತು. ಎರಡು ದಾರಿ ಇದ್ದವು. ಯಂತ್ರ ಕಲಿತದ್ದು ನೀಲಗಂಗವ್ವನನ್ನೇ ಆದ್ದರಿಂದ, ಪತ್ರದ ಹೆಸರನ್ನು ಇವತ್ತೇ ತಿದ್ದಬಹುದು. ನಲವತ್ತು ದಿನ ಕಾಯಬೇಕಾಗಿಲ್ಲ, ಶ್ರಾವಣದ ವ್ಯಾಪಾರ ಉಳಿಯುತ್ತದೆ. ಆದರೆ ಒಂದು ಜೀವಪತ್ರದಲ್ಲಿ ಒಂದೇ ಗುಂಡಿಗೆ ಇರಬೇಕು. ಆ ಹನ್ನೊಂದು ನಿಮಿಷವನ್ನು ಅಳಿಸಬೇಕಾಗುತ್ತದೆ. ಪತ್ರವನ್ನೇ ರದ್ದು ಮಾಡಿಸಿದರೆ, ಆ ಹನ್ನೊಂದು ನಿಮಿಷ ವಾರಸುದಾರರಿಗೆ ಸೇರುತ್ತದೆ, ಮನೆಗೆ ಒಯ್ಯಬಹುದು. ಅಂಗಡಿ ಮಾತ್ರ ನಲವತ್ತು ದಿನ ಬೀಗವಿಲ್ಲದೆ ಕೂಡಬೇಕು.

"ಅವಸರ ಇಲ್ಲ," ಎಂದಳು ರಜಿಯಾ. "ನಾಳಿ ಬಂದು ಹೇಳಿದ್ರೂ ನಡೀತೈತಿ."

"ಇನ್ನೊಂದ ಸಲ ಮುಟ್ಟಲೇನ್ರಿ?"

ಮುಟ್ಟಿದಳು. ಹನ್ನೊಂದು ನಿಮಿಷವೂ ಕೈ ತೆಗೆಯಲಿಲ್ಲ. ಈ ಸಲ ಖಾಲಿ ಬಂದ ಕಡೆಯೆಲ್ಲ ತುಟಿ ಕಚ್ಚಿಕೊಂಡು ಕಾದಳು. ಕೊನೆಯ ಬಡಿತ ಬಂದೊಡನೆ, ತನ್ನದು ಶುರುವಾಗುವ ಮೊದಲೇ, ಬೆರಳು ಎತ್ತಿದಳು.

"ಅಳಿಸ್ರಿ," ಎಂದಳು. "ಇದನ್ನ ಮನಿಗೆ ಒಯ್ದ್ರ ನಾ ಜೀವಮಾನ ಪೂರ್ತಿ ಇದರ ಮ್ಯಾಲ ಕೈ ಇಟ್ಟು ಕುಂದ್ರತೀನಿ. ಮೂವತ್ತು ಮಗ್ಗದವರು ನನ್ನ ಬಾಯಿ ನೋಡಕೋತ ಕುಂದ್ರತಾರ. ಅವರು ಹಂಗ ಮಾಡು ಅಂತಿದ್ದಿಲ್ಲ."

ಸಹಿ ಹಾಕಿದಳು. ಗೋಡೆಯ ಮೇಲೆ ಹೆಸರು ಬದಲಾಯಿತು: ನೀಲಗಂಗಾ ಉಂಕಿ. ಗೆರೆ ಒಂದು ಕ್ಷಣವೂ ನಿಲ್ಲದೆ ಓಡುತ್ತಲೇ ಇತ್ತು.

ಹೊರಡುವಾಗ ರಜಿಯಾ ಬಾಗಿಲಲ್ಲಿ ಕೇಳಿದಳು: "ಅಮ್ಮಾರ, ನಿಮ್ಮ ಪ್ಯಾಟ್ಯಾಗ ಮತ್ತ್ಯಾರರ ಹಿಂಗ ಮಾಡ್ತಾರೇನ್ರಿ? ಗಾದಿ ಮ್ಯಾಲ ಕುಂತಾವ್ರು ಕಡಗ ಹಾಕ್ಕೊಳ್ಳೂದು?"

ಹೌದು ಎಂದರೆ ಇಡೀ ಪೇಟೆಯ ಜೀವಪತ್ರಗಳು ನಾಳೆಯೇ ತಪಾಸಣೆಗೆ ಬೀಳುತ್ತವೆ. ಶ್ರಾವಣ ಎದುರಿಗಿದೆ. ಎಷ್ಟು ಮನೆಯ ಒಲೆ ಆರುತ್ತದೋ! "ಇಲ್ರಿ," ಎಂದಳು ನೀಲಗಂಗವ್ವ. "ನಾವಷ್ಟ ಮಾಡಿದ್ವಿ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳಿಗೆ ಆ ಸುಳ್ಳೊಂದೇ ತಲೆಯಲ್ಲಿ ಸುತ್ತುತ್ತಿತ್ತು.  ಆ ರಾತ್ರಿ ಬಾದಾಮಿಯ ತಂಗಿಯ ಮನೆಯಲ್ಲಿ ಉಳಿಯುತ್ತೇನೆ ಎಂದು ಮಗಳಿಗೆ ಹೇಳಿ ಬಂದಿದ್ದಳು, ಬಾದಾಮಿ ಬಂದರೂ ಇಳಿಯದೆ ನೆಟ್ಟಗೆ ಊರಿಗೆ ಬಂದಳು. ಮರುದಿನ ಮಧ್ಯಾಹ್ನ, ಪೇಟೆಯ ಗಂಡಸರು ಉಂಡು ಮಲಗುವ ಹೊತ್ತಿಗೆ, ಅಂಗಡಿಯ ಮೆಟ್ಟಿಲು ಇಳಿದು ನಿಂತು ನೋಡಿದಳು. ಈ ಓಣಿಯಲ್ಲಿ ಅವಳು ಮೂವತ್ತೊಂದು ವರ್ಷ ಓಡಾಡಿದ್ದಾಳೆ, ಇದನ್ನು ನೋಡಿರಲಿಲ್ಲ. ಸಾಲಾಗಿ ಅಂಗಡಿಗಳು, ಸಾಲಾಗಿ ಗಾದಿಗಳು, ಒಂದೊಂದು ಗಾದಿಯ ಮೇಲೂ ಒಬ್ಬೊಬ್ಬ ಹೆಂಗಸು, ಒಬ್ಬೊಬ್ಬಳ ಕೈಯಲ್ಲೂ ಗಂಡನ ಹೆಸರಿನ ಕಡಗ. ಒಳಗಿನ ಕೋಣೆಗಳಲ್ಲಿ ಗಂಡಸರು ನಿದ್ದೆ ಹೋಗಿದ್ದರು. ಯಾರ ಎದೆ ಹೇಗಿದೆಯೋ ಯಾವ ಯಂತ್ರಕ್ಕೂ ಗೊತ್ತಿರಲಿಲ್ಲ.

ಮೊದಲ ಅಂಗಡಿಯಲ್ಲಿ, ಯಜಮಾನನ ನಾಡಿ ಎಣಿಸಿ ನೋಡು ಎಂದದ್ದಕ್ಕೆ ನಕ್ಕರು. "ಏನಬೇ ನೀಲಗಂಗಕ್ಕ, ನಾಡಿ ನೋಡೂ ವೈದ್ಯಾಕಿ ಆದ್ಯೇನ?" ಆದರೂ ಅವಳ ಮುಖ ನೋಡಿ ಹೆಂಡತಿ ಒಳಗೆ ಹೋದಳು, ಮಲಗಿದ್ದ ಗಂಡನ ಕೈ ಹಿಡಿದು ನೂರರವರೆಗೆ ಎಣಿಸಿದಳು. ಸರಿ ಇತ್ತು. ಎರಡನೆಯದರಲ್ಲಿ ಗಂಡ ಎಚ್ಚರಾಗಿ, ಹಗಲಹೊತ್ತಿನಾಗ ಕೈ ಹಿಡೀತಾಳಲ್ಲಪಾ ಎಂದು ಚೇಷ್ಟೆ ಮಾಡಿದ. ಅವನದೂ ಸರಿ ಇತ್ತು. ಮೂರನೆಯವಳು ಬೈದಳು: ಅಮಂಗಳ ಮಾತು ನಮ್ಮ ಹೊಸ್ತಿಲಿಗೆ ತರಬ್ಯಾಡ. ನೀಲಗಂಗವ್ವ ಬೈಸಿಕೊಂಡು, ಹೊಸ್ತಿಲ ಹೊರಗೇ ನಿಂತು, ಎಣಿಸುವವರೆಗೂ ಕದಲಲಿಲ್ಲ.

ನಾಲ್ಕನೆಯದು ಕಾಶವ್ವನ ಅಂಗಡಿ. ಆಕೆಯ ಗಂಡ ಸಂಗಪ್ಪ ಪೈಲ್ವಾನನಂಥ ಆಳು, ಕೆಮ್ಮು ನೆಗಡಿ ಎಂದು ಒಂದು ದಿನ ಮಲಗಿದವನಲ್ಲ. ಗೊರಕೆ ಹೊರಗಿನವರೆಗೂ ಕೇಳುತ್ತಿತ್ತು.

"ಇವಗ ಏನ ಆಗೇತಿ, ಅಕ್ಕಾ? ಕೇಳ, ಹೆಂಗ ಹೊಡ್ಯಾಕತ್ತಾನ," ಎಂದು ಕಾಶವ್ವ ನಗುತ್ತಲೇ ಒಳಗೆ ಹೋಗಿ ಚಾಪೆಯ ಅಂಚಿಗೆ ಕೂತಳು. ನೀಲಗಂಗವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಹೆಬ್ಬೆರಳ ಬುಡಕ್ಕ ಒತ್ತು. ಸಿಕ್ತೇನ?"

"ಸಿಕ್ತು."

"ಜೋರಲೇ ಎಣಸು."

"ಒಂದು, ಎರಡು, ಮೂರು..." ಕಾಶವ್ವ ಆಟಕ್ಕೆ ಎಣಿಸುವವಳ ಹಾಗೆ ರಾಗವಾಗಿ ಎಣಿಸಿದಳು. "ಹದಿನೇಳು, ಹದಿನೆಂಟು, ಹತ್ತೊಂಬತ್ತು..."

ದನಿ ನಿಂತಿತು.

"ಯಾಕ ನಿಲ್ಲಿಸಿದಿ? ಎಣಸ ಕಾಶವ್ವ."

ಕಾಶವ್ವ ತಿರುಗಿ ನೋಡಿದಳು. ಮುಖದ ಮೇಲೆ ನಗು ಹಾಗೇ ಉಳಿದಿತ್ತು, ಅದನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

"ನಾ ಎಲ್ಲಿ ನಿಲ್ಲಿಸೇನಕ್ಕ," ಎಂದಳು. "ಅದ ನಿಂತಿತ್ತು. ಈಗ ಮತ್ತ ಹೊಂಟೈತಿ."

ಸಂಗಪ್ಪ ಗೊರಕೆ ಹೊಡೆಯುತ್ತಲೇ ಇದ್ದ. ನೀಲಗಂಗವ್ವ ಬಂದು ಕಾಶವ್ವನ ಪಕ್ಕ ಕೂತು, ಆಕೆಯ ಕೈಯಿಂದ ಕಡಗ ಬಿಚ್ಚಿ, ಅವನ ದಪ್ಪ ಮಣಿಕಟ್ಟಿಗೆ ಹಾಕಿ ಬಿಗಿದಳು. ಅಂಗಡಿಯಲ್ಲಿದ್ದ ಫೋನು ಬೀಗ ಮುಚ್ಚಿತೆಂದು ಕೂಗತೊಡಗಿತು. ಇಬ್ಬರೂ ಏಳಲಿಲ್ಲ.

"ಕೂಗಲಿ ಬಿಡು," ಎಂದಳು ನೀಲಗಂಗವ್ವ. "ಅವನ್ನ ಎಬ್ಬಸು. ಮೆಲ್ಲಕ ಎಬ್ಬಸು. ದವಾಖಾನಿಗೆ ಹೋಗೂಣು."